ಹಳಿಯಾಳದ ಹೊಳೆವ್ವ ತಾರು ಹೊಡೆದದ್ದು

ಹಳಿಯಾಳ ಪೇಟೆಯ ಹೊಳೆವ್ವನ ಖಾನಾವಳಿಯಲ್ಲಿ ಉಂಡವರು ಎರಡು ಸಂಗತಿ ಮರೆಯುತ್ತಿರಲಿಲ್ಲ. ಒಂದು ಅವಳ ಎಣ್ಣೆಗಾಯಿ ಪಲ್ಯ, ಇನ್ನೊಂದು ಅವಳ ಬೈಗುಳ. ಪಲ್ಯ ಒಮ್ಮೊಮ್ಮೆ ಸಾಲದೆ ಬರುತ್ತಿತ್ತು. ಬೈಗುಳ ಎಂದೂ ಸಾಲದೆ ಬಂದದ್ದಿಲ್ಲ. ಒಮ್ಮೆ ಅನ್ನ ಬಿಟ್ಟು ಎದ್ದ ಮಾಮಲೇದಾರನನ್ನು ಬಾಗಿಲಿನಿಂದ ವಾಪಸು ಕರೆದು ಕೂಡ್ರಿಸಿ, "ಸಾಹೇಬ್ರ, ಈ ಅಕ್ಕಿ ಬೆಳೆದಾವ ಮೂರ ದಿನದಿಂದ ನಿಮ್ಮ ಕಚೇರಿ ಕಟ್ಟಿ ಮ್ಯಾಲ ಕುಂತಾನ. ಅವನ ಹೆಸರ ಹೇಳ್ಕೋಂತ ಉಣ್ರಿ" ಎಂದು ಕೊನೆಯ ಅಗುಳಿನ ತನಕ ಉಣಿಸಿ ಕಳಿಸಿದ್ದಳು. ಮಾಮಲೇದಾರ ಅವತ್ತೇ ಆ ರೈತನ ಕೆಲಸ ಮಾಡಿಕೊಟ್ಟನೆಂದು ಕೆಲವರು ಹೇಳುತ್ತಾರೆ. ಇಲ್ಲ, ಅವತ್ತಿನಿಂದ ಬೇರೆ ಖಾನಾವಳಿ ಹಿಡಿದನೆಂದು ಕೆಲವರು ಹೇಳುತ್ತಾರೆ. ಎರಡೂ ನಿಜ.

ಹೊಳೆವ್ವ ಹುಟ್ಟಿದ್ದು ಮುಂಡಗೋಡದ ಕಡೆಯ ಒಂದು ಹಳ್ಳಿಯಲ್ಲಿ. ಅವತ್ತು ಹಳ್ಳ ಉಕ್ಕಿ ಸೂಲಗಿತ್ತಿ ಆಚೆ ದಂಡೆಯಲ್ಲೇ ಉಳಿದಳು; ಕೂಸು ಅವಳ ದಾರಿ ಕಾಯಲಿಲ್ಲ. ಆದದ್ದರ ಗುರುತಿಗೆ ಹೆಸರಿಡುವುದಾದರೆ ಹಳ್ಳೆವ್ವ ಎನ್ನಬೇಕಿತ್ತು. ಅಜ್ಜ ದೊಡ್ಡ ಮನಸ್ಸು ಮಾಡಿ ಹೊಳೆವ್ವ ಎಂದ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಐದನೆಯದಕ್ಕೆ ಹೋಗುವ ಬದಲು ಹಳಿಯಾಳದ ಈಶಪ್ಪನ ಮನೆಗೆ ಸೊಸೆಯಾಗಿ ಹೋದಳು. ಈಶಪ್ಪ ಮೆತ್ತಗಿನ ಮನುಷ್ಯ. ಸಾರಿಗೆ ಉಪ್ಪು ಕಡಿಮೆಯೆಂದು ಯಾರಾದರೂ ಅಂದರೆ ಕೈಮುಗಿದು ತಪ್ಪಾಯಿತು ಎನ್ನುತ್ತಿದ್ದ. ಅಂಥವನು ಖಾನಾವಳಿ ನಡೆಸಬಾರದು. ಚಳಿಜ್ವರವೆಂಬುದು ಆಗ ಆ ಸೀಮೆಯಲ್ಲಿ ಮನೆಯಳಿಯನ ಹಾಗೆ, ಬಂದರೆ ಹೋಗುತ್ತಿರಲಿಲ್ಲ. ಈಶಪ್ಪನ ಮನೆಯಿಂದ ಹೋಗುವಾಗ ಅವನನ್ನೂ ಕರೆದುಕೊಂಡು ಹೋಯಿತು.

ತವರಿಗೆ ಬಾ ಎಂದು ಅಣ್ಣಂದಿರು ಚಕ್ಕಡಿ ಕಟ್ಟಿಕೊಂಡು ಬಂದರು. ಹೊಳೆವ್ವ ಅವರಿಗೆ ಊಟಕ್ಕೆ ಬಡಿಸಿ, ಬಂದ ಚಕ್ಕಡಿಯಲ್ಲೇ ತಿರುಗಿ ಕಳಿಸಿದಳು. ಮರುದಿನ ಖಾನಾವಳಿಯ ಬಾಗಿಲು ತೆರೆಯಿತು. ಸಾರಿಗೆ ಉಪ್ಪು ಕಡಿಮೆ ಎಂದ ಮೊದಲ ಗಿರಾಕಿಗೆ, "ನಾಲಿಗಿ ತೊಳಕೊಂಡ ಬಾ" ಎಂದಳು. ಅಲ್ಲಿಂದ ಖಾನಾವಳಿ ಏಳಿಗೆಗೆ ಬಂತು.

ಸಮಾಜವಾದ ಅವಳಿಗೆ ಸಿಕ್ಕಿದ್ದು ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ, ೧೯೫೫ರ ಶ್ರಾವಣದ ಮಳೆಯಲ್ಲಿ. ಗೋವೆಯನ್ನು ಪೋರ್ತುಗೀಜರಿಂದ ಬಿಡಿಸಲು ಹೊರಟ ಸತ್ಯಾಗ್ರಹಿಗಳು ಅಲ್ಲಿ ತೊಯ್ದು ನಿಂತಿದ್ದಾರೆ, ಹೊಟ್ಟೆಗೇನೂ ಇಲ್ಲ ಎಂಬ ಸುದ್ದಿ ತಂದವನು ಮಹಾಂತಪ್ಪ. ಈ ಮಹಾಂತಪ್ಪ ಸಮಾಜವಾದಿ ಪಕ್ಷದ ತಾಲೂಕು ಕಾರ್ಯದರ್ಶಿ. ಬ್ರಹ್ಮಚಾರಿ, ಕಡ್ಡಿಯಂಥ ಆಳು, ಎರಡು ಹೊತ್ತೂ ಹೊಳೆವ್ವನಲ್ಲೇ ಊಟ. ಇಬ್ಬರೂ ಕಟಕ ರೊಟ್ಟಿಯ ಚೀಲಗಳನ್ನು ರೈಲಿಗೇರಿಸಿಕೊಂಡು ಹೋದರು. ಅಲ್ಲಿ ಮುಖಂಡರೊಬ್ಬರು ಭಾಷಣ ನಡೆಸಿದ್ದರು. ಹೊಳೆವ್ವ ನಡುವೆ ಬಾಯಿ ಹಾಕಿ, "ಮೊದಲ ರೊಟ್ಟಿ ತಿನ್ರಿ, ಆಮ್ಯಾಲ ಗುಂಡು ತಿನ್ನಾಕ ಹೋಗ್ರಿ" ಎಂದಳು. ಭಾಷಣ ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ಭಟ್ಟರ ಹುಡುಗ, ಹೊಲೇರ ಹುಡುಗ, ಸಾಬರ ಹುಡುಗ ಒಂದೇ ಸಾಲಿನಲ್ಲಿ ಕೂತು ಒಂದೇ ಎಲೆಯ ಚಟ್ನಿಗೆ ಕೈ ಹಾಕಿದರು. ಹೊಳೆವ್ವ ಇದನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದಕ್ಕೇನಂತಾರೋ" ಎಂದು ಕೇಳಿದಳು. ಬಾಯಿ ತುಂಬ ರೊಟ್ಟಿಯಿದ್ದ ಒಬ್ಬ, "ಸಮಾಜವಾದ" ಎಂದ.

ಸಿದ್ಧಾಂತ ಅಷ್ಟಕ್ಕೇ ಮುಗಿಯಿತು. ಊರಿಗೆ ಬಂದವಳೇ ಅದನ್ನು ಜಾರಿಗೆ ತಂದಳು. ಖಾನಾವಳಿಗೆ ದಿನಾ ತಲೆಹೊರೆಯಲ್ಲಿ ಕಟ್ಟಿಗೆ ತಂದು ಹಾಕುವ ತಾಂಡಾದ ಧರ್ಮಿಬಾಯಿ ಅಲ್ಲಿಯವರೆಗೆ ಹಿತ್ತಲಿನಲ್ಲಿ ಕೂತು ಉಣ್ಣುತ್ತಿದ್ದಳು. ಹೊಳೆವ್ವ ಅವಳನ್ನು ಕರೆತಂದು ಪಂಕ್ತಿಯ ನಡುವೆ ಕೂಡ್ರಿಸಿದಳು. ಇಬ್ಬರು ವ್ಯಾಪಾರಸ್ಥರು ಎದ್ದು ಹೋದರು. "ಪಲ್ಯ ಉಳೀತು" ಎಂದು ಹೊಳೆವ್ವ ಧರ್ಮಿಗೆ ಇನ್ನೊಂದು ಸವಟು ಬಡಿಸಿದಳು. ಧರ್ಮಿಗೆ ಗಂಟಲಲ್ಲಿ ಇಳಿಯಲಿಲ್ಲ; ಸಮಾಜವಾದ ಮೊದಲ ದಿನ ಯಾರಿಗೂ ಇಳಿಯುವುದಿಲ್ಲ.

೧೯೫೭ರ ಚುನಾವಣೆ ಬಂತು. ಹಳಿಯಾಳ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಆಳುವ ಪಕ್ಷದಿಂದ ಕಟ್ಟಿಗೆ ಗುತ್ತಿಗೆದಾರ ಚನಬಸಪ್ಪ ಸಾವಕಾರ ನಿಂತಿದ್ದ. ಅವನೆದುರು ನಿಂತು ಸೋಲಲು ಸಮಾಜವಾದಿ ಪಕ್ಷಕ್ಕೆ ಒಬ್ಬ ಗಂಡಸೂ ಸಿಗಲಿಲ್ಲ. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಸಾವಕಾರನೇ ಬೀಗ. ಮಹಾಂತಪ್ಪ ನಿಲ್ಲಬಹುದಿತ್ತು, ಆದರೆ ಸಭೆಯಲ್ಲಿ ಎದ್ದು ನಿಂತರೆ ಅವನಿಗೆ ಬಿಕ್ಕಳಿಕೆ ಬರುತ್ತಿತ್ತು.

"ಅಕ್ಕಾರ, ನೀವ ನಿಂದರ್ರಿ" ಎಂದ.

"ಮುಂಜಾನಿಂದ ನಿಂತ ಅದೇನಲ್ಲೋ. ಕೂಡ್ರಾಕ ಹೊತ್ತೆಲ್ಲೈತಿ?"

"ಇಲೆಕ್ಷನ್ನಿಗ್ರಿ."

"ಮತ್ತ ಸೋತ್ರ?"

"ಸೋಲೂದು ಖಾತ್ರಿ ಐತ್ರಿ. ಅದರ ಚಿಂತಿ ಬ್ಯಾಡ."

ಈ ಭರವಸೆಯ ಮೇಲೆ ಹೊಳೆವ್ವ ಕಣಕ್ಕಿಳಿದಳು. ಸಾವಕಾರನ ಸೈನ್ಯದಲ್ಲಿ ಜೀಪು, ಲಾರಿ, ಬಾಜಾಬಜಂತ್ರಿ, ಸಿಹಿ ಹಂಚಲು ಆಳು, ಜೈ ಅನ್ನಲು ಆಳು. ಹೊಳೆವ್ವನ ಅಕ್ಷೌಹಿಣಿಯಲ್ಲಿ ಒಂದು ಸೈಕಲ್ಲು, ಕೂಗಿ ಹೇಳಲು ಒಂದು ತಗಡಿನ ಭೋಂಗಾ, ಮಹಾಂತಪ್ಪ ಮತ್ತು ಅವನ ಬಿಕ್ಕಳಿಕೆ. ಗುರುತು ಗುಡಿಸಲು. ಅವಳ ಭಾಷಣ ಎಲ್ಲ ಊರಲ್ಲೂ ಒಂದೇ. "ಸಾವಕಾರ್ರು ಒಳ್ಳೆಯವರದಾರ. ನಮ್ಮಲ್ಲಿ ಉಂಡಾರ. ಪಂಕ್ತ್ಯಾಗ ಕುಂತಾಗ ಬಾಜೂದವನ ಎಲಿ ಖಾಲಿ ಐತಿ ಅನ್ನೂದನ್ನ ಅವ್ರ ಒಮ್ಮೆನೂ ನೋಡಲಿಲ್ಲ. ನಾ ಬಡಿಸಾಕಿ, ನನಗ ಗೊತ್ತೈತಿ." ಸಾವಕಾರ ನಿಜಕ್ಕೂ ನೋಡಿರಲಿಲ್ಲ.

ಹೊಳೆವ್ವ ಗೆದ್ದಳು. ಎಣಿಕೆಯ ದಿನ ಮಹಾಂತಪ್ಪನಿಗಾದ ಧಕ್ಕೆಗೆ ಹುಟ್ಟಿನಿಂದ ಬಂದ ಬಿಕ್ಕಳಿಕೆ ನಿಂತೇ ಹೋಯಿತು. ಪೇಟೆಯ ಮುದುಕಿಯರಿಗೆ ಮಾತ್ರ ಎಮ್ಮೆಲ್ಲೆ ಎಂಬ ಪದ ಬಾಯಲ್ಲಿ ಕೂಡ್ರಲಿಲ್ಲ. "ಹೊಳೆವ್ವಗ ಸರಕಾರ ಎಮ್ಮಿ ಕೊಟ್ಟೈತಂತ" ಎಂದು ಒಬ್ಬಳು, "ಎಲ್ಲೆ?" ಎಂದು ಇನ್ನೊಬ್ಬಳು.

ಮುಂದಿನ ವರ್ಷದ ಶಿವರಾತ್ರಿ ಕಳೆದು ಬಿಸಿಲು ಚುರುಕಾದಾಗ ದಾಂಡೇಲಿ ರಸ್ತೆಯ ಜಂಗಲ್ ನಾಕಾದಲ್ಲಿ ಹೊಸ ಬಿಗಿ ಶುರುವಾಯಿತು. ತಾಂಡಾದವರು, ಕೋಗಿಲಬನದ ಕಡೆಯವರು, ಯಾವ ಹೆಣ್ಣುಮಗಳೇ ಆಗಲಿ ಒಣ ಕಟ್ಟಿಗೆಯ ಹೊರೆ ಹೊತ್ತು ಬಂದರೆ ಗಾರ್ಡ್ ಲಗಮಪ್ಪ ಅಡ್ಡ ಬರುತ್ತಿದ್ದ. ಲಗಮಪ್ಪ ಕೆಟ್ಟವನಲ್ಲ. ಹುಕುಂ ಎಂದರೆ ಹುಕುಂ ಎನ್ನುವವನು, ಅದೇ ಕಾರಣಕ್ಕೆ ಕೆಟ್ಟವರಿಗಿಂತ ಹೆಚ್ಚು ತ್ರಾಸು ಕೊಡುತ್ತಿದ್ದ. ಒಂದು ಮುಂಜಾನೆ ಧರ್ಮಿಬಾಯಿಯ ಹೊರೆ ಇಳಿಸಿ, ಅವಳು ಕಟ್ಟಿಗೆ ಕಡಿಯುವ ಕೊಯ್ತಾ ಕಸಿದುಕೊಂಡು ನಾಕಾದ ಗೋಡೆಗೆ ತೂಗುಹಾಕಿದ.

ಅವತ್ತು ಖಾನಾವಳಿಯ ಒಲೆ ಹೊತ್ತಲಿಲ್ಲ. ಧರ್ಮಿ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಳು.

"ಅದು ನಮ್ಮ ಥಾವರೆಪ್ಪ ಮದವಿಗೆ ಮಾಡಿಸಿ ಕೊಟ್ಟ ಕೊಯ್ತಾ ರೀ" ಎಂದಳು. "ಮಂದಿ ಗಂಡಂದ್ರು ಬಂಗಾರ ಕೊಡ್ತಾರ. ನಮ್ಮಾವ ಕಬ್ಬಿಣ ಕೊಟ್ಟ. ಬಂಗಾರ ಆಗಿದ್ರ ಇಷ್ಟ ಹೊಟ್ಟಿ ಉರೀತಿದ್ದಿಲ್ಲ."

ಹೊಳೆವ್ವ ಸವಟನ್ನು ಕೆಳಗಿಟ್ಟಳು. ಅವಳು ಸವಟು ಕೆಳಗಿಟ್ಟರೆ ಪೇಟೆಯಲ್ಲಿ ಜನ ದಾರಿ ಬಿಡುತ್ತಿದ್ದರು.

"ಬೆಂಗಳೂರಾಗ ಸಭಾ ಐತಿ. ನಾಳೆ ಹೊಂಟೇನಿ. ನಿಮ್ಮ ಕಟಗಿಗೆ ಒಪ್ಪಿಗಿ ತಂದು ನಿನ್ನ ಕೊಯ್ತಾ ನಿನ್ನ ಕೈಯಾಗ ಕೊಡಸಲಿಲ್ಲಂದ್ರ, ಈ ಎಮ್ಮೆಲ್ಲೆಗಿರಿ ಒಲಿಗೆ ಹಾಕ್ತೇನಿ."

"ಕಟಗಿ ಇಲ್ದ ಒಲಿ ಹೆಂಗ ಹತ್ತಸ್ತೀರಿ?" ಎಂದಳು ಧರ್ಮಿ.

ಹೊಳೆವ್ವ ಹೊರಟದ್ದೇ ತಡ, ಚನಬಸಪ್ಪ ಸಾವಕಾರ ಪೇಟೆಯಲ್ಲಿ ಮೀಸೆಯಡಿ ನಕ್ಕ. ಆಗ ವಿರೋಧ ಪಕ್ಷದವರು ಒಬ್ಬೊಬ್ಬರಾಗಿ ಆಳುವ ಪಕ್ಷಕ್ಕೆ ಜಿಗಿಯುವ ಸುದ್ದಿ ಬರುತ್ತಲೇ ಇತ್ತು. "ಕಟಗಿ ಅನ್ನೂದ ಬರೇ ನೆವ. ಒಳಗ ಸೌದಾ ನಡದೈತಿ. ಬರೂ ಮುಂದ ಆಕಿ ನಮ್ಮ ಪಕ್ಷದಾಕಿ ಆಗಿರ್ತಾಳ, ನೋಡ್ತಿರ್ರಿ" ಎಂದ. ಸೌದಾ ಎಂದರೆ ಆ ಕಡೆ ವ್ಯಾಪಾರ, ಕೊಡು-ಕೊಳ್ಳುವ ಒಪ್ಪಂದ. ಯಾರೂ ನಂಬಲಿಲ್ಲ, ಆದರೆ ಯಾರೂ ಮರೆಯಲೂ ಇಲ್ಲ.

ಬೆಂಗಳೂರಿನ ಹೊಸ ವಿಧಾನ ಸೌಧವನ್ನು ನೋಡಿ ಹೊಳೆವ್ವ ಮೊದಲು ಲೆಕ್ಕ ಹಾಕಿದ್ದು ಇಷ್ಟು ಮೆಟ್ಟಿಲು ದಿನಾ ಗುಡಿಸುವವರು ಯಾರು ಎಂದು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತನ್ನ ಸರದಿ ಬಂದಾಗ ಎದ್ದು ನಿಂತಳು.

"ಅಧ್ಯಕ್ಷರ, ನಮ್ಮ ಹೆಣಮಕ್ಕಳು ಜಂಗಲ್ದಾಗಿಂದ ಒಂದ ಹೊರಿ ಕಟಗಿ ತಂದ್ರ ನಾಕಾದಾಗ ಹಿಡೀತಾರ. ಇದೆಲ್ಲಿ ನ್ಯಾಯ ಅಂತೇನಿ."

ಉತ್ತರ ಹೇಳಬೇಕಾದ ಮಂತ್ರಿಗಳು ಮೈಸೂರು ಕಡೆಯವರು. "ಕಾಡಿನಿಂದ ಏನು ತರುತ್ತಾರೆ ಎಂದಿರಿ?"

"ಕಟಗಿ."

"ಕಟಕಿಯೇ? ಕಟಕಿ ನಮ್ಮಲ್ಲೂ ಬೇಕಾದಷ್ಟಿದೆ ತಾಯಿ. ಎದುರು ಬೆಂಚಿನವರು ದಿನಾ ಆಡುತ್ತಾರೆ. ಅದನ್ನು ಕಾಡಿನಿಂದ ತರಬೇಕಾಗಿಲ್ಲ."

ಸಭೆ ನಕ್ಕಿತು. ಹೊಳೆವ್ವ ನಗು ಮುಗಿಯುವ ತನಕ ನಿಂತಳು. ಪಂಕ್ತಿಯಲ್ಲಿ ಗದ್ದಲ ಮಾಡುವವರಿಗೆ ಹೇಗೆ ನಿಲ್ಲುತ್ತಿದ್ದಳೋ ಹಾಗೆ. "ಕಟಕಿ ಅಲ್ರಿ. ಕಟಗಿ. ಒಲಿಗೆ ಹಾಕೂದು."

"ಓಹೋ, ಸೌದೆ."

"ಏನಂದ್ರಿ?" ಹೊಳೆವ್ವನ ಧ್ವನಿ ಏರಿತು. "ಸೌದಾ? ನಾ ಇಲ್ಲಿ ಸೌದಾ ಮಾಡಾಕ ಬಂದಿಲ್ರಿ. ಹಂಗ ಮಾಡಾಕಿ ಆಗಿದ್ರ ನಮ್ಮೂರಾಗ ದೊಡ್ಡ ಸಾವಕಾರ ಅದಾನ, ಅವನ ಜೋಡಿನ ಮಾಡ್ತಿದ್ದೆ, ರೈಲಿನ್ಯಾಗ ನಿಂತ ಬರ್ತಿದ್ದಿಲ್ಲ."

ಅಧ್ಯಕ್ಷರು ಗಂಟೆ ಬಾರಿಸಿ, ಮೈಸೂರು ಕಡೆ ಒಲೆಗೆ ಹಾಕುವ ಕಟ್ಟಿಗೆಗೆ ಸೌದೆ ಎನ್ನುತ್ತಾರೆಂದು ಬಿಡಿಸಿ ಹೇಳಿದರು. ಹೊಳೆವ್ವ ಎರಡು ಗಳಿಗೆ ವಿಚಾರ ಮಾಡಿದಳು. ಕಟ್ಟಡದ ಹೆಸರು ಸೌಧ, ಒಳಗೆ ಸಿಗುವುದು ಸೌದೆ, ಊರವರು ಹುಡುಕುವುದು ಸೌದಾ. ಈ ರಾಜ್ಯದಲ್ಲಿ ಹುಷಾರಾಗಿರಬೇಕು.

"ಆತು. ನೀವು ಸೌದೆ ಅನ್ರಿ, ನಾ ಕಟಗಿ ಅಂತೇನಿ. ಅದು ಇಲ್ದ ಇವತ್ತ ನಿಮ್ಮ ಮನ್ಯಾಗೂ ಅನ್ನ ಆಗಿಲ್ಲ. ನಮ್ಮ ಜಂಗಲ್ದಾಗ ಬಿದಿರು ಲಾರಿ ತುಂಬಿ ಹೋದ್ರ ಅಭಿವೃದ್ಧಿ ಅಂತೀರಿ. ಒಣಾ ಟೊಂಗಿ ಹೆಣಮಗಳ ತಲಿ ಮ್ಯಾಲ ಹೋದ್ರ ಕಳವು ಅಂತೀರಿ. ಹಂಗಾರ ತಪ್ಪು ಕಟಗಿದೋ, ತಲಿದೋ? ಹೇಳ್ರಿ, ನಮ್ಮ ಹೆಣಮಕ್ಕಳು ತಲಿ ಮನ್ಯಾಗಿಟ್ಟ ಬರ್ತಾರ."

ಈ ಸಲ ಯಾರೂ ನಗಲಿಲ್ಲ. ಮಂತ್ರಿಗಳು ಪಕ್ಕದವರ ಕಿವಿಯಲ್ಲಿ ಏನೋ ಮಾತಾಡಿ ಎದ್ದು, ಮನೆ ಬಳಕೆಗೆ ತಲೆಯ ಮೇಲೆ ಒಯ್ಯುವ ಒಣ ಸೌದೆಗೆ ಇನ್ನು ಮುಂದೆ ತಡೆಯಿಲ್ಲ, ಕೂಡಲೇ ಆಜ್ಞೆ ಹೋಗುತ್ತದೆ ಎಂದರು.

ಲಂಕೆ ಗೆದ್ದವರಿಗೆ ಅಯೋಧ್ಯೆಗೆ ಸುದ್ದಿ ಮುಟ್ಟಿಸುವ ಅವಸರ ಇರುತ್ತದೆ. ಹೊಳೆವ್ವ ನೆಟ್ಟಗೆ ತಾರು ಕಚೇರಿಗೆ ನಡೆದಳು. ತಾರಿನಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಹೋಗುತ್ತಿರಲಿಲ್ಲ, ಹಾಗಾಗಿ ಬರೆದುಕೊಡುವ ಗುಮಾಸ್ತನೊಬ್ಬ ಕೂತಿದ್ದ.

"'ಕಟಗಿ ಒಪ್ಪಿಗಿ ಆತು' ಅಂತ ಹಾಕ್ರಿ."

"ಕಟಗಿ? ಹಂಗಂದ್ರೇನಮ್ಮಾ?"

"ನಿಮ್ಮಲ್ಲಿ ಸೌದೆ ಅಂತಾರಲ್ರಿ" ಎಂದಳು ಹೊಳೆವ್ವ, ಕಲಿತು ಇನ್ನೂ ಆರದ ವಿದ್ಯೆಯನ್ನು ಹೊರಗೆ ತೆಗೆದು.

"ಹಂಗನ್ನಿ ಮತ್ತೆ. ಸೌದೆ ಅಂತ್ಲೇ ಬರೀತೀನಿ. ಶುದ್ಧವಾಗಿರುತ್ತೆ."

ಶುದ್ಧ ಎಂಬ ಮಾತಿಗೆ ಹೊಳೆವ್ವ ಸೋತಳು. ಎಮ್ಮೆಲ್ಲೆಯ ತಾರು ಖಾನಾವಳಿಯ ಮಾತಿನಲ್ಲಿದ್ದರೆ ಚೆಂದವೇ? ಶುದ್ಧವಾಗಿಯೇ ಹೋಗಲಿ ಎಂದಳು. ಸೌದೆ ಒಪ್ಪಿಗೆ ಆಯಿತು, ಹೊಳೆವ್ವ. ಮಹಾಂತಪ್ಪನ ಹೆಸರಿಗೆ ತಾರು ಹಾರಿತು.

ಮೂರನೆಯ ದಿನ ಅಳ್ನಾವರದಲ್ಲಿ ರೈಲಿಳಿದು ಬಸ್ಸು ಹಿಡಿದಳು. ಬಸ್ಸಿನ ಕಿಟಕಿಯಲ್ಲಿ ಸೆರಗು ಸರಿಮಾಡಿಕೊಂಡಳು. ಹಾರ ಹಾಕಿಸಿಕೊಳ್ಳುವಾಗ ಕುತ್ತಿಗೆ ಎಷ್ಟು ಬಾಗಿಸಬೇಕೆಂದು ಮನಸ್ಸಿನಲ್ಲೇ ಒಮ್ಮೆ ನೋಡಿಕೊಂಡಳು. ಹಳಿಯಾಳದ ನಿಲ್ದಾಣದಲ್ಲಿ ಹಲಗೆ ಬಾರಿಸುವವರಿಲ್ಲ, ಹಾರ ಇಲ್ಲ. ಒಂದು ಕತ್ತೆ ಇತ್ತು, ಅದೂ ಮುಖ ತಿರುಗಿಸಿತು. ಬಾಳೆಹಣ್ಣಿನ ಮುದಕವ್ವ ದಿನಾ ಕರೆದು ಮಾತಾಡಿಸುವವಳು, ಇವತ್ತು ಹಣ್ಣು ಎಣಿಸತೊಡಗಿದಳು.

ಖಾನಾವಳಿಯ ಒಲೆ ತಣ್ಣಗಿತ್ತು. ಬೆಂಚಿನ ಮೇಲೆ ಒಬ್ಬನೇ ಗಿರಾಕಿ: ಚನಬಸಪ್ಪ ಸಾವಕಾರ, ಕೈಯಲ್ಲಿ ಹೂವಿನ ಹಾರ.

"ಬರ್ರಿ ಬಾಯಾರ" ಎಂದು ಎದ್ದು ನಿಂತ. "ಇದ್ದದ್ದನ್ನ ಇದ್ದಂಗ ತಾರ ಹೊಡದ ಹೇಳೂ ಧೈರ್ಯ ಗಂಡಸರಿಗೂ ಇಲ್ಲ ನೋಡ್ರಿ. ಇನ್ನ ನಾವೂ ನೀವೂ ಒಂದ ಮನ್ಯಾವ್ರು."

ಹಾರವನ್ನು ಹೊಳೆವ್ವ ಗೂಟಕ್ಕೆ ಹಾಕಿದಳು. ಎದುರು ಸಾಲಿನ ಖಾನಾವಳಿಯಲ್ಲಿ, ಹದಿನೈದು ವರ್ಷದಿಂದ ತಾನು ನೀರು ಸಹ ಕುಡಿಯದ ಆ ಖಾನಾವಳಿಯಲ್ಲಿ, ಮಹಾಂತಪ್ಪ ಕೂತು ಉಣ್ಣುವುದು ಕಂಡಿತು. ರಸ್ತೆ ದಾಟಿ ಹೋಗಿ ಅವನ ತಾಟಿನ ಮುಂದೆ ನಿಂತಳು.

"ಯಾರ ಸಾರು ಉಣ್ಣಾಕತ್ತೀಯೋ ಮಹಾಂತಪ್ಪ?"

"ಉಪ್ಪು ಕಮ್ಮಿ ಐತ್ರಿ" ಎಂದ ಮಹಾಂತಪ್ಪ, ತಲೆ ಎತ್ತದೆ. "ಆದ್ರ ಸೌದಾ ಮಾಡಿದ ಸಾರಲ್ಲ."

ಆಗ ತಿಳಿಯಿತು. ತಾರು ಮಾಸ್ತರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ 'ಸೌದೆ' ಎಂದು ಓದಿದ್ದು ಸರಿಯೇ. ಆಮೇಲೆ ಪೇಟೆ ಕೂಡಿ ಅರ್ಥ ಹಚ್ಚಿತು. ಬೆಂಗಳೂರಿನವರು ಮನಿಗೆ ಮನೆ ಅಂತಾರೆ, ಒಲಿಗೆ ಒಲೆ ಅಂತಾರೆ. ಸೌದಾಕ್ಕೆ ಸೌದೆ ಅನ್ನುವುದರಲ್ಲಿ ಏನು ವಿಶೇಷ? ಅಂತೂ ಸೌದಾ ಒಪ್ಪಿಗೆ ಆಯಿತು. ಸಾವಕಾರ ಹೇಳಿದ್ದೇ ಖರೆ.

"ಏ ಹುಚ್ಚಪ್ಪ, ಸೌದೆ ಅಂದ್ರ ಕಟಗಿ" ಎಂದಳು ಹೊಳೆವ್ವ.

"ನಾ ಮುಲ್ಕಿ ಪರೀಕ್ಷಾ ಪಾಸಾದಾವ್ರಿ. ಯಾವ ಪುಸ್ತಕದಾಗೂ ಹಂಗ ಓದಿಲ್ಲ." "ಅಕ್ಕಾರ, ಪಕ್ಷ ಬಿಡೂದ ಬಿಟ್ರಿ. ಶಬ್ದಾನೂ ಹೊಳ್ಳಸಬ್ಯಾಡ್ರಿ." ಅಷ್ಟು ಹೇಳಿ ಒಂದು ಬಿಕ್ಕಳಿಕೆ ಬಿಕ್ಕಿದ. ವರ್ಷದ ಮೇಲೆ ಮೊದಲನೆಯದು. ಹೊಳೆವ್ವನಿಗೆ ಆ ಬಿಕ್ಕಳಿಕೆ ಹಾರಕ್ಕಿಂತ ಹೆಚ್ಚು ಚುಚ್ಚಿತು.

ಬಿಸಿಲು ಇಳಿಯುವುದರೊಳಗೆ ತಾಂಡಾಕ್ಕೆ ನಡೆದಳು. ಧರ್ಮಿ ಅಂಗಳದಲ್ಲಿ ಸೆಗಣಿ ತಟ್ಟುತ್ತಿದ್ದಳು. ಕಟ್ಟಿಗೆ ಇಲ್ಲದ ಮನೆಗೆ ಕುಳ್ಳೇ ಗತಿ. ಹೊಳೆವ್ವ ಇಡೀ ಕತೆ ಹೇಳಿ ಮುಗಿಸುವ ತನಕ ಅವಳ ಕೈ ನಿಲ್ಲಲಿಲ್ಲ.

"ನನ್ನ ಕೊಯ್ತಾ ಎಲ್ಲೈತ್ರಿ?"

"ನಾಕಾದಾಗ."

"ಮತ್ತ ಬೆಂಗಳೂರಿಂದ ತಂದದ್ದೇನು?"

"ಒಂದ ಶಬ್ದ."

"ಶಬ್ದ ಹಚ್ಚಿದ್ರ ಒಲಿ ಹತ್ತತೈತೇನ್ರಿ?" ಧರ್ಮಿ ಕೈ ತೊಳೆದುಕೊಂಡಳು. "ನೀವು ನನ್ನ ಪಂಕ್ತ್ಯಾಗ ಕೂಡ್ರಿಸಿದ್ರಿ. ಅವತ್ತಿನಿಂದ ತಾಂಡಾದಾಗ ನನಗ ಎಮ್ಮೆಲ್ಲೆ ಗೆಳತಿ ಅಂತಾರ. ಈಗ ಅದನ್ನ ನಕ್ಕೋಂತ ಅಂತಾರ. ಅಷ್ಟ."

ಹೊಳೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ನಾಳೆ ಮುಂಜಾನಿ ನಾನ ಹೊರಿ ಹೊತ್ತು ನಾಕಾದಾಗಿಂದ ಬರ್ತೇನಿ" ಎಂದಳು. "ಹಿಡದ್ರ, ಅಲ್ಲೆ ನಿಂತ ರಾಜೀನಾಮೆ ಕೊಡ್ತೇನಿ. ಬಂದ ನೋಡು."

ಮರುದಿನ ನಾಕಾದ ಬಳಿ ಸಂತೆಯಷ್ಟು ಜನ. ಧರ್ಮಿ ಬಂದಿದ್ದಳು, ತಾಂಡಾದ ಹೆಂಗಸರು ಬಂದಿದ್ದರು, ಮಹಾಂತಪ್ಪ ಮರದ ಮರೆಗೆ ಬಂದಿದ್ದ. ಸಾವಕಾರ ಜೀಪಿನಲ್ಲಿ ಕೂತಿದ್ದ, ಅವನ ಹಿಂದೆ ದಿಮ್ಮಿ ತುಂಬಿದ ಅವನದೇ ಲಾರಿ. ಅಷ್ಟರಲ್ಲಿ ಕಾಡಿನ ದಾರಿಯಲ್ಲಿ ಒಂದು ಹೊರೆ ಕಾಣಿಸಿತು. ಅದರ ಕೆಳಗೆ ಮಾನ್ಯ ಶಾಸಕಿ. ಹೊರೆ ಒಮ್ಮೆ ಎಡಕ್ಕೆ ವಾಲುತ್ತಿತ್ತು, ಶಾಸಕಿ ಬಲಕ್ಕೆ. ಇಬ್ಬರೂ ಒಂದೇ ಪಕ್ಷದವರೆಂದು ಹೇಳುವಂತಿರಲಿಲ್ಲ. ದಾರಿಯುದ್ದಕ್ಕೂ ಟೊಂಗೆಗಳು ಒಂದೊಂದೇ ಜಾರಿ ರಾಜೀನಾಮೆ ಕೊಟ್ಟಿದ್ದವು.

ಲಗಮಪ್ಪ ಅಡ್ಡಗೋಲು ಇಳಿಸಿದ. ಅವನ ಕಣ್ಣಲ್ಲಿ ನೀರಿತ್ತು. ಅವನೂ ಗುಡಿಸಲಿಗೇ ಮತ ಹಾಕಿದವನು. "ಬಾಯಾರ, ಕಟಗಿ ಇಳಸ್ರಿ. ಹುಕುಂ ಇಲ್ಲ."

"ಇದು ಕಟಗಿ ಅಲ್ಲೋ ಲಗಮಪ್ಪ. ಸೌದೆ."

ಲಗಮಪ್ಪ ಬೆಚ್ಚಿದ. "ಸೌದಾ? ಮಾರಾಕ ಒಯ್ಯೂದೇನ್ರಿ? ಹಂಗಾರ..." ಅವನು ಗೊಂದಲದಲ್ಲಿ ಅಡ್ಡಗೋಲನ್ನು ಅರ್ಧ ಎತ್ತಿದ, ಮತ್ತೆ ಇಳಿಸಿದ. "ಸೌದಾಕ್ಕ ತಡಿ ಇಲ್ಲ. ಆದ್ರ ನೋಡಾಕ ಕಟಗಿ ಇದ್ದಂಗೈತಿ. ಸಾಹೇಬ್ರನ್ನ ಕರೀತೇನಿ ತಡೀರಿ."

ಒಳಗಿನಿಂದ ರೇಂಜರ್ ಬಂದರು. ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ವಯಸ್ಸಾದ ಮನುಷ್ಯ. ಬಂದಾಗಿನಿಂದ ಇಲ್ಲಿ ಯಾರ ಮಾತೂ ಅವರಿಗೆ, ಅವರ ಮಾತು ಯಾರಿಗೂ ಪೂರಾ ಹತ್ತಿರಲಿಲ್ಲ. ಎರಡೂ ಕಡೆಯವರು ಮರ್ಯಾದೆಗೆ ತಲೆಯಾಡಿಸಿ ದಿನ ದೂಡುತ್ತಿದ್ದರು.

"ಏನಯ್ಯಾ ಗಲಾಟೆ? ಆಯಮ್ಮನ್ನ ಯಾಕೆ ನಿಲ್ಲಿಸಿದೀಯ?"

"ಏನೋ ಹೊತ್ತಾರ್ರಿ ಸಾಹೇಬ್ರ."

ರೇಂಜರ್ ಹೊರೆಯನ್ನು ನೋಡಿದರು. "ಸೌದೆ ಕಣಯ್ಯಾ ಅದು. ಬಿಡು. ಮೊನ್ನೇನೇ ಹೇಳ್ಲಿಲ್ವಾ, ಮೇಲಿನಿಂದ ಆರ್ಡರ್ ಬಂದಿದೆ, ಇನ್ಮೇಲೆ ಸೌದೆಗೆ ತಡೆ ಇಲ್ಲ ಅಂತ?"

ಆ ಒಂದು ಮಾತು ಜನರ ಮೇಲೆ ಹಾದುಹೋದದ್ದು ಕಣ್ಣಿಗೆ ಕಾಣುವಂತಿತ್ತು. ರೇಂಜರ್ ಬೆರಳು ತೋರಿಸಿದ್ದು ಕಟ್ಟಿಗೆಗೆ. ಬಾಯಲ್ಲಿ ಬಂದದ್ದು ಸೌದೆ. ಧರ್ಮಿ ಬೆರಳನ್ನು ನೋಡಿದಳು, ಹೊರೆಯನ್ನು ನೋಡಿದಳು, ಹೊಳೆವ್ವನ ಮುಖ ನೋಡಿದಳು. ಮರದ ಹಿಂದಿನಿಂದ ಮಹಾಂತಪ್ಪ, "ಪುಸ್ತಕದಾಗ ಇದ್ದಿದ್ದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

ಲಗಮಪ್ಪನಿಗೆ ಮಾತ್ರ ಬೆವರು ಕಿತ್ತಿತ್ತು. "ಸಾಹೇಬ್ರ, ಅದು... ಸೌದೆ ಅಂದ್ರ ಇದಾ?"

"ಮತ್ತೇನು ಅಂದ್ಕೊಂಡಿದ್ದೆ?"

"ಸೌದಾ ಅಂತ ತಿಳದಿದ್ದೆ ರೀ. ವ್ಯಾಪಾರದ ಮಾಲು. ಅದಕ್ಕ ತಡಿ ಇಲ್ಲ ಅಂದ್ರಲ್ಲ ಅಂತ, ಸಾವಕಾರ್ರ ಲಾರಿ ಅವತ್ತಿನಿಂದ ಪಾಸ್ ಕೇಳದ ಬಿಡಾಕತ್ತೇನಿ. ಸಲಾಮ ಹೊಡದ ಬಿಡಾಕತ್ತೇನಿ ರೀ."

ಎಲ್ಲರ ತಲೆಯೂ ಒಮ್ಮೆಲೆ ಜೀಪಿನ ಕಡೆ ತಿರುಗಿತು. ಸಾವಕಾರ ಚಾಲಕನ ಬೆನ್ನಿಗೆ ತಿವಿದ. ಆದರೆ ಹಿಂದೆ ಹೋಗಲು ಅವನದೇ ಲಾರಿ ಅಡ್ಡವಿತ್ತು, ಮುಂದೆ ಹೋಗಲು ಶಾಸಕಿಯ ಹೊರೆ. ಮುಂಬಯಿ ರಾಜ್ಯದ ಕನ್ನಡ ಮೈಸೂರು ರಾಜ್ಯದ ಕನ್ನಡವನ್ನು ತಪ್ಪಾಗಿ ಕೇಳಿಸಿಕೊಂಡ ಪುಣ್ಯ ಆ ಕೆಲವು ದಿನ ಅವನ ಲಾರಿಗೆ ಸಿಕ್ಕಿತ್ತು. ಅದು ಹೇಗೆಂದು ಅವನಿಗೂ ತಿಳಿದಿರಲಿಲ್ಲ; ಕೇಳುವ ಗೋಜಿಗೂ ಹೋಗಿರಲಿಲ್ಲ. ರೇಂಜರ್ ಮೂಗಿನ ಮೇಲಿನ ಚಾಳೀಸು ಸರಿಮಾಡಿಕೊಂಡು ಲಾರಿಯ ಕಡೆ ನಡೆದರು. "ಪಾಸ್ ತೋರ್ಸಿ ಸಾವ್ಕಾರ್ರೇ" ಎಂಬ ಅವರ ಮಾತು ಅವತ್ತು ಹಳಿಯಾಳದ ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಅರ್ಥವಾಯಿತು.

ಲಗಮಪ್ಪ ಗೋಡೆಯಿಂದ ಕೊಯ್ತಾ ಇಳಿಸಿ ಎರಡೂ ಕೈಯಲ್ಲಿ ಹಿಡಿದು ತಂದ. ಹೊಳೆವ್ವ ತಲೆಯ ಮೇಲಿನ ಹೊರೆಯಿಂದ ಕೈ ತೆಗೆಯುವಂತಿರಲಿಲ್ಲ, ಹಾಗಾಗಿ ಗದ್ದದಿಂದಲೇ ಧರ್ಮಿಯ ಕಡೆ ತೋರಿಸಿದಳು. ಧರ್ಮಿ ಕೊಯ್ತಾದ ಬಾಯಿಗೆ ಹೆಬ್ಬೆರಳು ಹಚ್ಚಿ ನೋಡಿ ಸೊಂಟಕ್ಕೆ ಸಿಗಿಸಿಕೊಂಡಳು. ಆಮೇಲೆ ಹೊಳೆವ್ವನ ಸುತ್ತ ಒಂದು ಸುತ್ತು ಬಂದಳು.

"ಎವ್ವಾ, ಇದು ಹೊರಿ ಅಲ್ಲ, ಹದ್ದಿನ ಗೂಡು. ನಾ ಇಂಥಾದ್ದ ಕಟ್ಟಿದ್ರ ನಮ್ಮತ್ತಿ ಮನ್ಯಾಗ ಕರ್ಕೋತಿದ್ದಿಲ್ಲ."

"ಇಳಸಿಕೋ ಮೊದಲ. ಕುತಗಿ ಒಳಗ ಹೊಂಟೈತಿ."

"ತಡೀರಿ, ನಿನ್ನಿ ಒಂದ ಶಬ್ದ ತಂದೇನಿ ಅಂದ್ರಲ್ಲ. ಇನ್ನೊಮ್ಮೆ ಹೇಳ್ರಿ."

"ಸೌದೆ" ಎಂದಳು ಹೊಳೆವ್ವ, ಹಲ್ಲು ಕಚ್ಚಿ.

"ಸೌದೆ" ಎಂದಳು ಧರ್ಮಿ, ರುಚಿ ನೋಡುವವಳ ಹಾಗೆ. ಹಿಂದಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅಂದರು. ಅದಾದ ಮೇಲೆಯೇ ಹೊರೆ ಇಳಿಯಿತು. ಮಧ್ಯಾಹ್ನ ಖಾನಾವಳಿಯ ಒಲೆ ಹೊತ್ತಿತು. ಮಹಾಂತಪ್ಪ ಮೂಲೆಯಲ್ಲಿ ಕೂತು ಬೈಗುಳ ಮತ್ತು ಪಲ್ಯ ಎರಡನ್ನೂ ಕಣ್ಣೀರು ಬರುವಷ್ಟು ಉಂಡ.

ಅಂದಿನಿಂದ ತಾಂಡಾದಲ್ಲಿ, ಕೋಗಿಲಬನದಲ್ಲಿ, ನಾಕಾ ದಾಟುವ ಹೆಂಗಸರು ಅಪ್ಪಿತಪ್ಪಿಯೂ ಕಟಗಿ ಎನ್ನುತ್ತಿರಲಿಲ್ಲ. ಮನೆಯಲ್ಲಿ ಕಟಗಿ, ನಾಕಾದಲ್ಲಿ ಸೌದೆ. ಹೊಳೆವ್ವನಿಗೆ ಜನ ಅಕ್ಕರೆಯಿಂದ ಸೌದೆವ್ವ ಎಂದರು. ಆ ಹೆಸರನ್ನು ಚನಬಸಪ್ಪ ಸಾವಕಾರ ೧೯೬೨ರ ಚುನಾವಣೆಯಲ್ಲಿ ಹಿಡಿದುಕೊಂಡ. ಸೌಭಾಗ್ಯವತಿ ಎನ್ನುವುದಕ್ಕೆ ಲಗ್ನಪತ್ರಿಕೆಯಲ್ಲಿ 'ಸೌ' ಎಂದು ಬರೆಯುತ್ತಾರಲ್ಲ, ಹಾಗೆ ಗೋಡೆಗೋಡೆಗೆ 'ಸೌ. ದೆವ್ವ' ಎಂದು ದೊಡ್ಡಕ್ಷರದಲ್ಲಿ ಬರೆಸಿದ. ಜನ ನಕ್ಕರು. ನಕ್ಕವರಲ್ಲಿ ಸಾಕಷ್ಟು ಮಂದಿ ಅವನಿಗೇ ಮತ ಹಾಕಿದರು. ಹೊಳೆವ್ವ ಸೋತಳು.

ಗೆದ್ದ ಮೆರವಣಿಗೆ ಪೇಟೆಯಲ್ಲಿ ಬಂದಾಗ ಸಾವಕಾರ ಖಾನಾವಳಿಯ ಮುಂದೆ ಜೀಪು ನಿಲ್ಲಿಸಿದ. ಹೊಳೆವ್ವ ಹೊರಗೆ ಬಂದಳು, ಅವಳ ಬೆನ್ನಿಗೆ ಧರ್ಮಿ.

"ಸಿಟ್ಟ ಆಗಬ್ಯಾಡ್ರಿ ಬಾಯಾರ" ಎಂದ ಸಾವಕಾರ. "ಇಲೆಕ್ಷನ್ನಿನ್ಯಾಗ ನಾಕ ಮಾತ ಬರ್ತಾವ, ಹೋಗ್ತಾವ."

"ಸಿಟ್ಯಾಕ್ರಿ" ಎಂದಳು ಹೊಳೆವ್ವ. "ಗಂಡ ಹೋದ ಮ್ಯಾಲ ನನ್ನ ಹೆಸರಿನ ಮುಂದ 'ಸೌ' ಹಚ್ಚಿದವ್ರ ನೀವ ಒಬ್ರ. ಆ ಉಪಕಾರ ಮರಿಯೂದಿಲ್ಲ. ಇನ್ನ ಉಳದದ್ದು ದೆವ್ವ. ನಾಳೆ ನಾಕಾದಾಗ ಯಾವಾಕಿದರೆ ಹೊರಿ ತಡೀರಿ, ಅದು ನಿಮ್ಮನ್ನ ಐದ ವರ್ಷ ಹೆಂಗ ಕಾಡತೈತಿ ನೋಡೀರಂತ."